ಅಜ್ಜಿಯ ನಲವತ್ತು ಸೆಕೆಂಡು

ಅಡಕತ್ತರಿ ಹಿಡಿಯಲು ನನಗೆ ಕಲಿಸಿದವಳು ಅಜ್ಜಿ. ಕ್ಲಾಸುಗಳನ್ನು ‘ಕಟ್’ ಮಾಡಲು ಯಾರೂ ಕಲಿಸಲಿಲ್ಲ, ಅಧ್ಯಾಪಕರು ಮನ್ನಿಸಬೇಕು. ವಿಡಿಯೋ ಕತ್ತರಿಸುವ ವಿದ್ಯೆ ಬಂದದ್ದು ಮಾತ್ರ ಅಜ್ಜಿ ತೀರಿಕೊಂಡ ಮೇಲೆ.

ಅಕ್ಕನ ಮದುವೆಯ ವಿಡಿಯೋ ಎರಡೂವರೆ ಗಂಟೆಯದು. ಅದರಲ್ಲಿ ಅಜ್ಜಿ ಸೋಬಾನೆ ಹೇಳುವುದು ಹೆಚ್ಚೆಂದರೆ ನಲವತ್ತು ಸೆಕೆಂಡು. ಮಿಕ್ಕದ್ದೆಲ್ಲ ಬೀಗರು ಊಟ ಮಾಡುವುದು. ವರ್ಷದ ತಿಥಿಗೆ ಆ ಹಾಡೊಂದನ್ನೇ ಬಿಡಿಸಿಕೊಡೆಂದು ಅಪ್ಪ ಕೇಳಿದರು. ನನ್ನ ಹಳೆಯ ಲ್ಯಾಪ್‌ಟಾಪೋ, ದೊಡ್ಡ ತಂತ್ರಾಂಶಗಳನ್ನು ಕಂಡರೆ ಸಾಕು, ಮುನಿಸಿಕೊಂಡ ಅಳಿಯನಂತೆ ಕುಳಿತುಬಿಡುತ್ತದೆ.

ಹಾಸ್ಟೆಲಿನ ಗೆಳೆಯ ನಕ್ಕು, “ಅದೆಲ್ಲ ಯಾಕೋ? ಒಂದು ಸಾಲು ಬರಿ, ಸಾಕು” ಎಂದು ಎಫ್‌ಎಫ್‌ಎಂಪೆಗ್ ಹಾಕಿಕೊಟ್ಟ. 2000ದಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಆರಂಭಿಸಿದ ಉಚಿತ ತಂತ್ರಾಂಶವದು. ಒತ್ತಲು ಗುಂಡಿಗಳಿಲ್ಲ, ಕಪ್ಪು ಪರದೆ, ಮಿಣುಕುವ ಒಂದು ಗೆರೆ, ಅಷ್ಟೇ. ಎಲ್ಲಿಂದ ಎಂಬುದಕ್ಕೆ ‘ಎಸ್‌ಎಸ್’, ಎಷ್ಟು ಹೊತ್ತು ಎಂಬುದಕ್ಕೆ ‘ಟಿ’, ಇದ್ದದ್ದನ್ನು ಇದ್ದ ಹಾಗೆಯೇ ಎತ್ತಿಕೋ ಎಂಬುದಕ್ಕೆ ‘ಸಿ ಕಾಪಿ’. ಬರೆದು ಎಂಟರ್ ಒತ್ತಿದೆ. ರೆಪ್ಪೆ ಬಡಿಯುವಷ್ಟರಲ್ಲಿ ಮುಗಿದಿತ್ತು.

ತೆರೆದು ನೋಡಿದರೆ ಹಾಡೇ ಶುರುವಾಗಲೊಲ್ಲದು! ಆರೇಳು ಸೆಕೆಂಡು ಮುಂಚಿನಿಂದಲೇ ತುಂಡಾಗಿತ್ತು. ಗೆಳೆಯ ವಿವರಿಸಿದ: ವಿಡಿಯೋದಲ್ಲಿ ಪ್ರತಿಯೊಂದು ಚಿತ್ರವೂ ಪೂರ್ತಿಯಾಗಿ ಇರುವುದಿಲ್ಲವಂತೆ. ಅಲ್ಲಲ್ಲಿ ಒಂದೊಂದು ಪೂರ್ಣಚಿತ್ರ, ಅದೇ ಕೀಫ್ರೇಮ್. ಅಲ್ಲಿಂದ ಮುಂದಕ್ಕೆ ಬದಲಾದಷ್ಟನ್ನೇ ಬರೆದಿಟ್ಟಿರುತ್ತದೆ. ಕಾಪಿ ಮಾಡುವಾಗ ಕಬ್ಬನ್ನು ಗಿಣ್ಣಿಗೆ ಸರಿಯಾಗಿ ಕಡಿದಂತೆ, ಆ ಪೂರ್ಣಚಿತ್ರದಿಂದಲೇ ತುಂಡು ಆರಂಭವಾಗಬೇಕು. ನಮ್ಮ ವಿಡಿಯೋದಲ್ಲಿ ಗಿಣ್ಣುಗಳಿದ್ದದ್ದು 250 ಚಿತ್ರಗಳಿಗೊಂದು, ಎಂದರೆ 10 ಸೆಕೆಂಡಿಗೊಂದು. ಕರಾರುವಾಕ್ಕಾಗಿ ಬೇಕೆಂದರೆ ‘ಕಾಪಿ’ ಬಿಟ್ಟು ಹೊಸದಾಗಿ ಎನ್‌ಕೋಡ್ ಮಾಡಿಸಬೇಕು. ಹೊತ್ತು ಹಿಡಿಯುತ್ತದೆ, ಚಿತ್ರವೂ ಕೊಂಚ ಮಾಸುತ್ತದೆ.

ಹಾಗೆಯೇ ಮಾಡಿಸಿದೆ. ಹಾಡು ಮೊದಲಕ್ಷರದಿಂದಲೇ ಬಂತು. ಆದರೆ ಕಳಿಸುವ ಮುನ್ನ, ಏಕೋ, ಕೆಟ್ಟಿತೆಂದು ಬಿಟ್ಟಿದ್ದ ತುಂಡನ್ನು ಮತ್ತೊಮ್ಮೆ ಹಾಕಿ ನೋಡಿದೆ. ಆ ಆರೇಳು ಸೆಕೆಂಡಿನಲ್ಲಿ ಅಜ್ಜಿ ಎಲೆಯಡಕೆಯನ್ನು ಒಂದು ದವಡೆಗೆ ಸರಿಸಿ, ಗಂಟಲು ಸರಿಮಾಡಿಕೊಂಡು, ಪಕ್ಕದಲ್ಲಿದ್ದವನ ಕಡೆ ತಿರುಗಿ, “ಎಲ್ಲಿಗೋ ಹೊಂಟೆ? ಕೂತ್ಕೊಂಡು ಕೇಳು” ಎನ್ನುತ್ತಾಳೆ. ಆ ಪಕ್ಕದವನು ನಾನೇ. ಎರಡನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದರು, ನಾನು ಕೂರಲಿಲ್ಲ.

ಅಪ್ಪನಿಗೆ ಎರಡನ್ನೂ ಕಳಿಸಿದೆ. ತಿಥಿಯ ದಿನ ಅವರು ಹಾಕಿದ್ದು ಮೊದಲಿನದನ್ನೇ.