ಬೆರಳ ತುದಿಯ ಜಡ್ಡು

ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ 30 ವರ್ಷ ಲೇತ್ ನಡೆಸಿ ನಿವೃತ್ತನಾದೆ. ಅಟ್ಟದಿಂದ ಹಳೆಯ ಗಿಟಾರ್ ಇಳಿಸಿದೆ. 2025ರ ಆಗಸ್ಟ್‌ನಲ್ಲಿ ನಮ್ಮೂರಿಗೆ ಬಂದ ಹಳದಿ ಮಾರ್ಗದ ಮೆಟ್ರೊ ಹತ್ತಿ, ಮೊಮ್ಮಗಳೊಂದಿಗೆ ಜಯನಗರಕ್ಕೆ ಹೋಗಿ ಆರು ಹೊಸ ತಂತಿ ತಂದೆ.

ತಂತಿ ಒತ್ತಿದರೆ ಬೆರಳೆಲ್ಲ ಉರಿ! ನುಡಿಸುವುದನ್ನು ಬಿಟ್ಟರೆ ಬೆರಳ ತುದಿಯ ಜಡ್ಡು ಕರಗಿಬಿಡುತ್ತದೆ. ನನಗೆ ಉಳಿದದ್ದು ಅಂಗೈಯ ಜಡ್ಡು ಮಾತ್ರ.

“ವಯಸ್ಸಾಯಿತಮ್ಮ, ಇನ್ನಾಗದು” ಎಂದು ಗಿಟಾರ್ ಕೆಳಗಿಟ್ಟೆ. ಅವಳು ಪುಸ್ತಕ ಮುಚ್ಚಿ, “ಹಾಗಾದರೆ ನಾನೂ ಏಳರ ಮಗ್ಗಿ ಬಿಡಲಾ ತಾತ?” ಎಂದಳು.

ಉತ್ತರ ಹೊಳೆಯಲಿಲ್ಲ. ಒಪ್ಪಂದವಾಯಿತು: ದಿನಕ್ಕೆ ಹತ್ತು ನಿಮಿಷ, ಅವಳಿಗೆ ಮಗ್ಗಿ, ನನಗೆ ತಂತಿ.

ತಿಂಗಳಾಯಿತು. ನನ್ನ ಸ್ವರ ಇನ್ನೂ ತಡವರಿಸುತ್ತದೆ. ನಿನ್ನೆ ಅವಳು ನನ್ನ ಬೆರಳು ಮುಟ್ಟಿ, “ತಾತ, ಜಡ್ಡು ಬಂತು!” ಎಂದು ಕುಣಿದಳು.

ಅವಳ ಮಗ್ಗಿಯೇ? ಏಳೆಂಟ್ಲ ಐವತ್ತಾರರವರೆಗೆ ಬಂದಿದೆ.