ತಕಿಟ ತಕಿಟ ತಕ

ಸಂಗೀತಶ್ರವಣದಲ್ಲಿ ಹಲವು ಬಗೆಯ ಸುಖಗಳುಂಟು. ಅವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು, ರಾಗದ ಮೋಹವನ್ನೂ ಸಾಹಿತ್ಯದ ಅರ್ಥವನ್ನೂ ಕ್ಷಣಕಾಲ ಬದಿಗಿರಿಸಿ, ಪೆಟ್ಟು ಪೆಟ್ಟುಗಳ ನಡುವಣ ಅವಕಾಶವನ್ನೇ ಬೆನ್ನಟ್ಟಿ ಹೋಗುವ ಸುಖ. ಮುಂಬಯಿಯ ಮಾಟುಂಗದ ನಮ್ಮ ಮನೆಯಲ್ಲಿ ಮೃದಂಗದ ಸೊಲ್ಲುಗಳನ್ನು ಕೇಳುತ್ತ ಬೆಳೆದ ನನಗೆ, ಈ ನಗರದ ತರುಣರು ಬಹುವಾಗಿ ಆದರಿಸುವ ‘ಟ್ರ್ಯಾಪ್’ ಎಂಬ ರ್ಯಾಪ್ ಸಂಗೀತವು ಆಪ್ತವಾದುದು ಈ ಹಾದಿಯಿಂದಲೇ.

ಊರ ಕಡೆಯ ಸ್ನೇಹಿತರೊಬ್ಬರ ಮಗ ಕುರ್ಲಾದ ತನ್ನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತು ಇಂಥ ಬೀಟುಗಳನ್ನು ಕಟ್ಟುತ್ತಾನೆ. ಪರದೆಯ ಮೇಲೆ ಹದಿನಾರು ಚೌಕಗಳು. ಮೊದಲ ಎಂಟರಲ್ಲಿ ಒಂದು, ನಾಲ್ಕು, ಏಳನೆಯವನ್ನು ಒತ್ತಿ, ಉಳಿದ ಎಂಟರಲ್ಲಿಯೂ ಹಾಗೆಯೇ ಮಾಡಿ, “ಅಂಕಲ್, ಬಾಕಿ ಎಲ್ಲ ಖಾಲಿ ಬಿಟ್ಟರೇನೇ ಮಜಾ” ಎಂದು ಅವನು ಗುಂಡಿಯೊತ್ತಿದಾಗ, ನನ್ನ ನಾಲಗೆ ತಾನೇ ತಾನಾಗಿ ತಕಿಟ ತಕಿಟ ತಕ ಎಂದಿತು. ಮೂರು, ಮೂರು, ಎರಡು: ಎಂಟು ಮಾತ್ರೆಗಳನ್ನು ಸಮವಾಗಿ ಭಾಗಿಸಲೊಲ್ಲದ ಈ ನಡೆಯು ಆಫ್ರಿಕದಿಂದ ದಾಸ್ಯಕ್ಕೆ ಸಿಲುಕಿ ಸಾಗಿಸಲ್ಪಟ್ಟ ಜನರೊಡನೆ ಅಟ್ಲಾಂಟಿಕ್ ಸಾಗರವನ್ನು ದಾಟಿ, ಕ್ಯೂಬಾದ ಹಬನೇರಾ ನೃತ್ಯದಲ್ಲಿಯೂ ನ್ಯೂ ಆರ್ಲಿಯನ್ಸಿನ ಜಾಝ್‌ನಲ್ಲಿಯೂ ನೆಲೆನಿಂತಿತು. ಆ ಜಾಝ್ ಮುಂಬಯಿಗೂ ಬಂದಿತ್ತು: 1935ರಲ್ಲಿ ಲಿಯಾನ್ ಆ್ಯಬಿಯ ಕಪ್ಪುವರ್ಣೀಯರ ವಾದ್ಯವೃಂದವು ತಾಜ್‌ಮಹಲ್ ಹೋಟೆಲಿನಲ್ಲಿ ನುಡಿಸಿತು; ಗೋವೆಯ ತುತ್ತೂರಿವಾದಕ ಚಿಕ್ ಚಾಕಲೇಟ್, ಸಂಗೀತ ನಿರ್ದೇಶಕ ಸಿ. ರಾಮಚಂದ್ರರೊಡನೆ ದುಡಿದು, ಅದರ ಉಲ್ಲಾಸವನ್ನು ಹಿಂದಿ ಚಿತ್ರಗೀತೆಗಳಿಗೆ ತುಂಬಿದನು.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ನಿಲ್ಲುವುದು ಬೇರೊಂದು ಎಡೆಯಲ್ಲಿ. ದಂಗೆಯ ಸನ್ನೆಯಾದೀತೆಂಬ ಭಯದಿಂದ ಅಮೆರಿಕದ ದಕ್ಷಿಣ ಕೆರೊಲಿನಾದ ಒಡೆಯರು 1740ರ ಕಾನೂನಿನಲ್ಲಿ ದಾಸರಿಗೆ ಮದ್ದಳೆಯನ್ನೇ ನಿಷೇಧಿಸಿದರು. ವಾದ್ಯವನ್ನು ಕಸಿದುಕೊಳ್ಳಬಹುದು, ಅಂಗೈಗಳನ್ನು ಕಸಿಯುವುದೆಂತು? ನೆರೆಯ ಜಾರ್ಜಿಯಾದ ಕರಾವಳಿಯಲ್ಲಿ, ಮೆಕಿಂಟಾಷ್ ಕೌಂಟಿಯ ಕಪ್ಪುಜನರು ‘ರಿಂಗ್ ಶೌಟ್’ ಎಂಬ ಭಜನಾನೃತ್ಯದಲ್ಲಿ, ಒಬ್ಬನು ಕೋಲಿನಿಂದ ಮರದ ನೆಲವನ್ನು ಕುಟ್ಟುತ್ತಿರಲು, ಇಂದಿಗೂ ಚಪ್ಪಾಳೆಯಲ್ಲಿಯೇ ಆ ಮೂರು-ಮೂರು-ಎರಡನ್ನು ಹೊಮ್ಮಿಸುತ್ತಾರೆ. ಟ್ರ್ಯಾಪ್ ಹುಟ್ಟಿದ ಅಟ್ಲಾಂಟಾ ನಗರವಿರುವುದೂ ಅದೇ ರಾಜ್ಯದಲ್ಲಿ. 1980ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯು ತಯಾರಿಸಿದ ಟಿಆರ್-808 ಯಂತ್ರದ ಗುಡುಗುವ ಮಂದ್ರನಾದವನ್ನು ಟ್ರ್ಯಾಪಿನವರು ಮತ್ತಷ್ಟು ದೀರ್ಘಗೊಳಿಸಿ, ಹಿಂದೆ ಚಪ್ಪಾಳೆ ಹೊತ್ತಿದ್ದ ನಡೆಯನ್ನು ಅನೇಕ ಹಾಡುಗಳಲ್ಲಿ ಅದಕ್ಕೆ ಒಪ್ಪಿಸಿರುವರು. ಚಪ್ಪಾಳೆಯಾದರೋ ಆವರ್ತನದ ಮೂರನೆಯ ಎಣಿಕೆಯಲ್ಲಿ ಕದಲದೆ ನಿಂತಿದೆ. ಈ ಪಾತ್ರಪಲ್ಲಟವನ್ನು ನಾನು ಮಹತ್ತಾದ ಕಲೆಗಾರಿಕೆಯೆಂದೇ ಎಣಿಸುತ್ತೇನೆ.

ನಮ್ಮ ಯಲ್ಲಾಪುರ, ಹಳಿಯಾಳಗಳ ಸಿದ್ದಿಯರ ಪೂರ್ವಿಕರೂ ಆಫ್ರಿಕದವರೇ, ಆದರೆ ಅವರು ಬಂದುದು ಬೇರೆ ಸಾಗರವನ್ನು ದಾಟಿ. ಅವರ ಡಮಾಮಿ ಮದ್ದಳೆಯಂತೂ ಚರ್ಮದ ಮೈಯಲ್ಲಿಯೇ ಉಳಿದು ಬಂದಿದೆ. ಅದರ ನುಡಿಗೆ ಸ್ತ್ರೀಯರು ಹೆಜ್ಜೆಯಿಡುವುದನ್ನು ನೋಡುವುದು ಒಂದು ಭಾಗ್ಯವೇ ಸರಿ.

ಇನ್ನು ಕಂಠದ ಮಾತು. 2013ರ ‘ವರ್ಸಾಚೆ’ ಹಾಡಿನಲ್ಲಿ ಮಿಗೋಸ್ ಎಂಬ ಟ್ರ್ಯಾಪ್ ತಂಡದವರು ನಾಲ್ಕೆಣಿಕೆಯ ಚತುರಶ್ರದ ತಾಳದ ಮೇಲೆ ಮೂರೆಣಿಕೆಯ ತಿಶ್ರದ ನುಡಿಯನ್ನು ಹರಿಯಬಿಟ್ಟಾಗ, ಎರಡರೊಡನೆ ಮೂರನ್ನು ಹೆಣೆಯುವ ಪಶ್ಚಿಮ ಆಫ್ರಿಕದ ಹಳೆಯ ಜಾಣ್ಮೆಯೇ ನಾಲಗೆಯ ಮೇಲೆ ಮರಳಿ ಕುಣಿಯಿತು. ಕುರ್ಲಾದ ಹುಡುಗ ಈಗ ಅದನ್ನು ಮುಂಬಯಿಯ ಹಿಂದಿಯಲ್ಲಿ ಪ್ರಯತ್ನಿಸುತ್ತಿದ್ದಾನೆ. ಹ್ರಸ್ವದೀರ್ಘಗಳು ತಿಶ್ರಕ್ಕೆ ಒಗ್ಗದ ಕಡೆ ಪದವನ್ನೇ ಬದಲಿಸಿ, ಕೈಯಲ್ಲಿ ತಾಳ ಹಾಕುತ್ತ, ಮತ್ತೆ ಮೊದಲಿನಿಂದ ಹೇಳುತ್ತಾನೆ.