ಅವ್ವ ಕೇಳಿದ ಲೆಕ್ಕ

ನಮ್ಮ ತಾತ ಜೀತಕ್ಕಿದ್ದವನು. ಅಪ್ಪನನ್ನು ಹೆತ್ತ ಅಜ್ಜಿಗೆ ಬಾಣಂತಿ ಸನ್ನಿ ಬಡಿದಾಗ, ಔಷಧಿಗೆಂದು ಗೌಡರ ಹತ್ತಿರ ನೂರಿಪ್ಪತ್ತು ರೂಪಾಯಿ ಸಾಲ ತಂದ. ಅದಕ್ಕೆ ಹನ್ನೊಂದು ವರ್ಷ ದುಡಿದ. ಗೌಡರ ಪುಸ್ತಕದಲ್ಲಿ ಏನು ಬರೆದಿತ್ತೋ ಅವನಿಗೆ ಗೊತ್ತಿಲ್ಲ. ಹೆಬ್ಬೆಟ್ಟು ಒತ್ತುವುದಷ್ಟೇ ಅವನ ಪಾಲಿನ ಕೆಲಸ. 1976ರಲ್ಲಿ ಜೀತ ರದ್ದಿನ ಕಾನೂನು ಬಂದು, ಸಾಲ ಇಲ್ಲ ಅಂದಾಗಲೂ ತಾತ ನಂಬಲಿಲ್ಲವಂತೆ.

ನಾನು ಅವನ ಮೊಮ್ಮಗ. ಎಂ.ಎ. ಓದಿದವನು.

ಹೋದ ವರ್ಷ ಅಪ್ಪ ಬಿದ್ದು ತೊಡೆಮೂಳೆ ಮುರಿದುಕೊಂಡ. ಗಾಬರಿಯಲ್ಲಿ ಹತ್ತಿರದ ಖಾಸಗಿ ಆಸ್ಪತ್ರೆಗೆ ಹಾಕಿದೆವು. ಆರನೇ ದಿನ ಕೌಂಟರಿನಲ್ಲಿ ಒಂದು ಹಾಳೆ ಕೊಟ್ಟರು. 1,84,000 ರೂಪಾಯಿ. ಐದೇ ಸಾಲು: ಕೊಠಡಿ, ಆಪರೇಷನ್, ಔಷಧಿ, ಪರೀಕ್ಷೆ, ಇತರೆ. ಇತರೆಗೇ 31,400.

"ಇತರೆ ಅಂದ್ರೆ ಏನ್ಲಾ ಮಗ?" ಅಂದಳು ಅವ್ವ.

ನನಗೆ ನಾಚಿಕೆ. ಹಿಂದೆ ಸಾಲು ನಿಂತಿತ್ತು. ಕೇಳಿದರೆ ಗತಿ ಇಲ್ಲದವರು ಅಂದುಕೊಳ್ಳುತ್ತಾರೆ ಅಂತ ಬಾಯಿ ಮುಚ್ಚಿಕೊಂಡು ಸಹಿ ಹಾಕಿದೆ. ತಾತ ಹೆಬ್ಬೆಟ್ಟು ಒತ್ತಿದ್ದ, ನಾನು ಸಹಿ ಹಾಕಿದೆ. ನನ್ನ ಎಂ.ಎ. ಅಲ್ಲಿ ಅಷ್ಟಕ್ಕೇ ಬಂತು.

ಅವ್ವನ ಓಲೆ ಅಡವಿಗೆ ಹೋಯಿತು. ಫೈನಾನ್ಸಿನವರಿಂದ ಅರವತ್ತು ಸಾವಿರ, ವಾರಕ್ಕೊಂದು ಕಂತು. ಸೋಮವಾರ ಕಂತಿನವನ ಬೈಕು ಕೇರಿಗೆ ಬಂದರೆ ಅವ್ವ ಹಿತ್ತಿಲು ಸೇರುತ್ತಿದ್ದಳು.

ಒಂದು ದಿನ ಅವಳೇ ಆ ಹಾಳೆ ಸೆರಗಿಗೆ ಕಟ್ಟಿಕೊಂಡು ಹೊರಟಳು. ನಾನು ಹಿಂದೆ ಹೋದೆ. "ಕೂಲಿ ಮಾಡಿ ತಿಂದೋಳು ಸ್ವಾಮಿ, ಕಾಳುಕಾಳೂ ಎಣ್ಸಿದೋಳು. ನನ್ಗೆ ಲೆಕ್ಕ ಬಿಡ್ಸಿ ಕೊಡಿ" ಅಂದಳು. ಮೂರು ಸಲ ಅಲೆಸಿದರು. ಕೊನೆಗೆ ಒಂಬತ್ತು ಹಾಳೆ ಕೊಟ್ಟರು. ಅದನ್ನೂ ಡಾಕ್ಟರು ಬರೆದ ಚೀಟಿಗಳನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಒಂದು ಸ್ಕ್ಯಾನು ಎರಡು ಸಲ ಬಿದ್ದಿತ್ತು. ಅಪ್ಪನಿಗೆ ಕೊಡದ ಇಂಜೆಕ್ಷನ್ನುಗಳಿದ್ದವು. ವಾಪಸು ಮಾಡಿದ ಔಷಧಿಯ ಹಣ ಕಳೆದಿರಲಿಲ್ಲ. 14,600 ರೂಪಾಯಿ ಹಿಂದಕ್ಕೆ ಬಂತು. ಉಳಿದ ಸಾಲ ಸಾಲವಾಗಿಯೇ ಇದೆ.

ಹೊಟ್ಟೆ ಉರಿದದ್ದು ಆಮೇಲೆ. ನಮ್ಮದು ಬಿಪಿಎಲ್ ಕಾರ್ಡು. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಇಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯಿದೆ. ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಅವರೇ ಚೀಟಿ ಬರೆದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಕಳಿಸುತ್ತಾರೆ. ಕೌಂಟರಿನವರು ಹೇಳಲಿಲ್ಲ. ಓದಿದ ನಾನೂ ತಿಳಿದುಕೊಂಡಿರಲಿಲ್ಲ.

ಇನ್ನೂ ಇದೆ. ಖಾಸಗಿ ಆಸ್ಪತ್ರೆ ತನ್ನ ದರಪಟ್ಟಿಯನ್ನು ಜನಕ್ಕೆ ಕಾಣುವಂತೆ ಹಾಕಬೇಕು ಅನ್ನುತ್ತದೆ 2007ರ ರಾಜ್ಯದ ಕಾಯಿದೆ. ಬಾಕಿ ಇದೆ ಅಂತ ಹೆಣ ಹಿಡಿದಿಟ್ಟುಕೊಳ್ಳುವಂತಿಲ್ಲ ಅನ್ನುತ್ತದೆ ಅದರ 2017ರ ತಿದ್ದುಪಡಿ. ಬೆದರಿಸಿ ಕಿರುಸಾಲ ವಸೂಲಿ ಮಾಡುವುದು 2025ರ ಕಾನೂನಿನಲ್ಲಿ ಅಪರಾಧ. ಕಾನೂನೇನೋ ತಾತನ ಕಾಲಕ್ಕೂ ಬಂತು. ಅದು ಕೇರಿಯೊಳಕ್ಕೆ ಬರಬೇಕಾದರೆ ನಮ್ಮಲ್ಲಿ ಯಾರಾದರೂ ಬಾಯಿಬಿಟ್ಟು ಕೇಳಬೇಕು.

ಈಗ ನಮ್ಮ ಕೇರಿಯಲ್ಲಿ ಯಾರನ್ನು ಆಸ್ಪತ್ರೆಗೆ ಸೇರಿಸಿದರೂ ನಾನು ಜೊತೆಗೆ ಹೋಗುತ್ತೇನೆ. ಕಾರ್ಡು ತಗೊಂಡ್ರಾ ಅಂತ ಮೊದಲು ಕೇಳುತ್ತೇನೆ. ಬಿಡಿಸಿದ ಲೆಕ್ಕ ಕೊಡದೆ ಸಹಿ ಹಾಕಲು ಬಿಡುವುದಿಲ್ಲ.

ನಮ್ಮದು ಇನ್ನೂ ಹದಿನಾರು ಕಂತು ಬಾಕಿ. ಬೈಕಿನ ಸದ್ದಾದರೆ ಅವ್ವ ಹಿತ್ತಿಲಿಗೆ ಹೋಗುವುದಿಲ್ಲ. ಜಗಲಿ ಮೇಲೆ ಕೂತು, "ರಸೀತಿ ಕೊಡಪ್ಪ" ಅನ್ನುತ್ತಾಳೆ.